ಭೌತಶಾಸ್ತ್ರಕ್ಕೆ ಸ್ವಂತ ನೋಟ್ಸ್: ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಕೆಲಸ

ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ನನ್ನ ಮೇಜಿನ ಮೇಲೆ ಪ್ರತಿ ವರ್ಷವೂ ಒಂದೇ ಬಗೆಯ ನೋಟ್ ಪುಸ್ತಕಗಳು ಬಂದು ಕೂರುತ್ತವೆ. ಮುತ್ತಿನಂಥ ಅಕ್ಷರ, ಶೀರ್ಷಿಕೆಗೆ ಕೆಂಪು, ಸೂತ್ರಕ್ಕೆ ಹಸಿರು, ಸುತ್ತಲೂ ಗೆರೆ ಎಳೆದ ಚೌಕಟ್ಟು. ಸಕಲೇಶಪುರದ ಕಡೆಯ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಈ ವರ್ಷ ಅಂಥದ್ದೊಂದು ಪುಸ್ತಕ ತಂದು ತೋರಿಸಿದಳು. ಅದನ್ನು ಮುಚ್ಚಿಟ್ಟು, "ಸರಳ ಲೋಲಕದ ಗುಂಡಿನ ಮೇಲೆ ಯಾವ ಯಾವ ಬಲ ಇದೆ, ಬಿಡಿಸಿ ತೋರಿಸಮ್ಮ" ಎಂದೆ. ಅವಳು ದಾರ ಬಿಡಿಸಿದಳು, ಗುಂಡು ಬಿಡಿಸಿದಳು, ತೂಕಕ್ಕೆ ಕೆಳಮುಖವಾಗಿ ಒಂದು ಬಾಣ ಹಾಕಿದಳು, ಅಲ್ಲಿಗೆ ಪೆನ್ಸಿಲ್ ನಿಂತಿತು. "ಸರ್, ಇದನ್ನ ಎರಡು ಸಲ ಬರ್ದಿದೀನಿ" ಎಂದಳು. ನಿಜವೇ: ತರಗತಿಯಲ್ಲಿ ಒಮ್ಮೆ, ಮನೆಯಲ್ಲಿ ಫೇರ್ ಮಾಡುವಾಗ ಇನ್ನೊಮ್ಮೆ. ಎರಡು ಸಲವೂ ಕಣ್ಣೆದುರು ಮೂಲ ತೆರೆದೇ ಇತ್ತು.

ಅವಳ ಶ್ರಮದಲ್ಲಿ ಕೊರತೆಯಿಲ್ಲ, ಕೆಲಸದ ಕ್ರಮದಲ್ಲಿದೆ. ಪುಸ್ತಕ ತೆರೆದಿಟ್ಟು ಬರೆದದ್ದನ್ನು ನಾನು ನಕಲು ಎನ್ನುತ್ತೇನೆ, ಮುಚ್ಚಿಟ್ಟು ಬರೆದದ್ದನ್ನು ಮಾತ್ರ ನೋಟ್ಸ್ ಎನ್ನುತ್ತೇನೆ. ಕೆಳಗಿನ ಹಂತಗಳು ಈ ಒಂದು ವ್ಯತ್ಯಾಸವನ್ನು ಹಿಡಿದು ಹೊರಟಿವೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ, ಏಕೆಂದರೆ ಬಹುಪಾಲು ಮಕ್ಕಳು ಸೋಲುವುದು ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹೋದಾಗ.

ಬೇಕಾದ ಸಾಮಾನು

ಬಿಡಿ ಹಾಳೆಗಳು, ಅವನ್ನು ಕಟ್ಟಿಡಲು ದಾರದ ಫೈಲ್, ಪೆನ್ಸಿಲ್, ರಬ್ಬರ್, ಸ್ಕೇಲು, ಎರಡು ಬಣ್ಣದ ಬಾಲ್ ಪೆನ್ನು, ಸಾಧಾರಣ ಕ್ಯಾಲ್ಕುಲೇಟರ್, ಕೆಲವು ಗ್ರಾಫ್ ಹಾಳೆ. ಇಷ್ಟು ಸಾಕು. ಬಿಡಿ ಹಾಳೆಯೇ ಏಕೆಂದರೆ, ಕೆಟ್ಟ ಪುಟವನ್ನು ತೆಗೆದು ಅದರ ಜಾಗದಲ್ಲಿ ಹೊಸದನ್ನು ಸೇರಿಸಬಹುದು. ಇನ್ನೂರು ಪುಟದ ಹೊಲಿದ ಪುಸ್ತಕದಲ್ಲಿ ಅದು ಆಗದು, ಪುಸ್ತಕ ಅಂದಗೆಡುತ್ತದೆಂಬ ಹೆದರಿಕೆಗೇ ಮಕ್ಕಳು ತಪ್ಪನ್ನು ತಿದ್ದದೆ ಬಿಡುತ್ತಾರೆ. ಜೆಲ್ ಪೆನ್ನು ಬೇಡ. ಜುಲೈ ತಿಂಗಳಲ್ಲಿ ಮಲೆನಾಡಿನ ಕಡೆಯಿಂದ ಬರುವ ಮಕ್ಕಳ ಚೀಲ ಒಳಗಿನವರೆಗೆ ಒದ್ದೆಯಾಗಿರುತ್ತದೆ, ಒಂದು ಸಂಜೆಯ ದುಡಿಮೆ ಮಸಿಯ ಕಲೆಯಾಗಿ ಹೋದದ್ದನ್ನು ನಾನೇ ನೋಡಿದ್ದೇನೆ.

ಎರಡು ಬಣ್ಣಕ್ಕೂ ಒಂದೊಂದು ಅರ್ಥವಿದೆ. ನೀಲಿಯಲ್ಲಿ ಬರೆದದ್ದು ನೀವೇ ನೆನಪಿನಿಂದ ತೆಗೆದದ್ದು. ಕೆಂಪಿನಲ್ಲಿ ಬರೆದದ್ದು ಪುಸ್ತಕ ನೋಡಿ ತುಂಬಿದ್ದು. ಅಲಂಕಾರಕ್ಕೆ ಯಾವ ಬಣ್ಣವನ್ನೂ ಬಳಸಬಾರದು.

ಹಂತ 1: ಪುಟದ ತಲೆಯ ಮೇಲೆ ಪ್ರಶ್ನೆ ಬರೆಯಿರಿ

"ಭೂಸ್ಥಿರ ಉಪಗ್ರಹಗಳು" ಎಂದು ಶೀರ್ಷಿಕೆ ಬರೆದರೆ ಅದರ ಕೆಳಗೆ ಏನನ್ನು ಬೇಕಾದರೂ ತುಂಬಬಹುದು. ಅದರ ಬದಲು ಹೀಗೆ ಕೇಳಿ: "ಮನೆಯ ಮೇಲಿನ ಡಿಶ್ಶನ್ನು ಒಮ್ಮೆ ತಿರುಗಿಸಿ ಬಿಗಿದ ಮೇಲೆ ಮತ್ತೆ ತಿರುಗಿಸಬೇಕಾಗಿಲ್ಲ. ಹಾಗಿರಬೇಕಾದರೆ ಉಪಗ್ರಹ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು?" ನಮ್ಮ ಊರಿನಲ್ಲೇ, ಸಾಲಗಾಮೆ ರಸ್ತೆಯಲ್ಲಿ, ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ, ಅಲ್ಲಿಂದ ನಿಯಂತ್ರಿಸುವುದು ಇಂಥ ಉಪಗ್ರಹಗಳನ್ನೇ. ಪ್ರಶ್ನೆಗೆ ಉತ್ತರ ಒಂದು ಸಂಖ್ಯೆಯಾಗಿರಬೇಕು, ಒಂದು ಸಂಬಂಧವಾಗಿರಬೇಕು ಅಥವಾ ಒಂದು ಕಾರಣವಾಗಿರಬೇಕು. ಈ ಮೂರರಲ್ಲಿ ಯಾವುದೂ ಅಲ್ಲದಿದ್ದರೆ ಪ್ರಶ್ನೆ ಇನ್ನೂ ಮಸುಕಾಗಿದೆ.

ಒಂದು ಹಾಳೆಗೆ ಒಂದೇ ಪ್ರಶ್ನೆ. ಒಂದು ಅಧ್ಯಾಯಕ್ಕೆ ಎಂಟರಿಂದ ಹನ್ನೆರಡು ಪ್ರಶ್ನೆ ಸಾಕಾಗುತ್ತವೆ. ಮೂವತ್ತಾದರೆ ನೀವು ಪ್ರತಿ ಪ್ಯಾರಾಕ್ಕೂ ಪ್ರಶ್ನೆ ಮಾಡುತ್ತಿದ್ದೀರಿ ಎಂದರ್ಥ.

ಹಂತ 2: ಪೆನ್ನು ಹಿಡಿಯದೆ ಓದಿ, ನಂತರ ಮುಚ್ಚಿ

ಪಠ್ಯಪುಸ್ತಕದ ಎರಡು ಮೂರು ಪುಟ ಓದಿ. ಆಗ ಕೈಯಲ್ಲಿ ಪೆನ್ನು ಇರಬಾರದು. ಅರ್ಥವಾಗದ ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ. ಓದಿ ಮುಗಿದ ಮೇಲೆ ಪುಸ್ತಕವನ್ನು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ಮೇಜಿನ ಮೇಲೆಯೇ ಮುಚ್ಚಿಟ್ಟರೆ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಐದು ಹತ್ತು ನಿಮಿಷ ಬೇರೇನಾದರೂ ಮಾಡಿ, ನೀರು ಕುಡಿಯಿರಿ, ದನಕ್ಕೆ ಹುಲ್ಲು ಹಾಕಿ ಬನ್ನಿ. ಆ ಬಿಡುವಿನ ನಂತರವೂ ಉಳಿದದ್ದು ಮಾತ್ರ ಹಾಳೆಗೆ ಇಳಿಯಬೇಕು.

ಹಂತ 3: ಚಿತ್ರ, ಸಂಕೇತ, ಷರತ್ತು

ಸೂತ್ರ ಬರೆಯುವ ಮೊದಲು ಮೂರು ಸಂಗತಿಗಳು ಹಾಳೆಯ ಮೇಲಿರಬೇಕು, ಇದೇ ಕ್ರಮದಲ್ಲಿ.

ಮೊದಲನೆಯದು ಚಿತ್ರ. ಯಾವ ಒಂದು ವಸ್ತುವಿನ ಬಗ್ಗೆ ಮಾತನಾಡುತ್ತಿದ್ದೀರೋ ಅದನ್ನು ಬೇರೆಯಾಗಿ ಬಿಡಿಸಿ, ಅದರ ಮೇಲೆ ಬೇರೆ ವಸ್ತುಗಳು ಹಾಕುವ ಬಲಗಳಿಗೆ ಮಾತ್ರ ಬಾಣ ಹಾಕಿ. ಪ್ರತಿ ಬಾಣದ ಪಕ್ಕದಲ್ಲೂ "ಯಾರು ಹಾಕಿದ ಬಲ" ಎಂದು ಬರೆಯಿರಿ: ಭೂಮಿ, ದಾರ, ನೆಲ, ಗಾಳಿ. ಯಾರು ಹಾಕಿದ್ದೆಂದು ಹೇಳಲಾಗದ ಬಾಣವಿದ್ದರೆ ಅದನ್ನು ಅಳಿಸಬೇಕು. ವೃತ್ತದಲ್ಲಿ ಸುತ್ತುವ ಕಲ್ಲಿನ ಚಿತ್ರದಲ್ಲಿ ದಾರದ ಎಳೆತವನ್ನೂ ಹಾಕಿ, ಜೊತೆಗೆ "ಕೇಂದ್ರಾಭಿಮುಖ ಬಲ" ಎಂದು ಇನ್ನೊಂದು ಬಾಣವನ್ನೂ ಹಾಕುವುದು ನಾನು ಕಂಡಿರುವ ಅತಿ ಸಾಮಾನ್ಯ ತಪ್ಪು. ಆ ಎರಡನೆಯ ಬಾಣವನ್ನು ಯಾರು ಹಾಕಿದರು ಎಂದು ಕೇಳಿದರೆ ಉತ್ತರವಿರುವುದಿಲ್ಲ, ಏಕೆಂದರೆ ಅಲ್ಲಿ ಕೇಂದ್ರಾಭಿಮುಖ ಬಲದ ಪಾತ್ರ ವಹಿಸುತ್ತಿರುವುದು ದಾರದ ಎಳೆತವೇ.

ಎರಡನೆಯದು ಸಂಕೇತಗಳ ಪಟ್ಟಿ. ಪ್ರತಿ ಅಕ್ಷರದ ಎದುರು ಅದರ ಅರ್ಥ, ಏಕಮಾನ, ಮತ್ತು ದಿಕ್ಕು ಇದೆಯೋ ಇಲ್ಲವೋ ಎಂಬುದು. ಲೋಲಕದ ಉದ್ದ ಎಂದರೆ ಕೊಕ್ಕೆಯಿಂದ ಗುಂಡಿನ ಮಧ್ಯದವರೆಗೆ, ಗುಂಡಿನ ತುದಿಯವರೆಗಲ್ಲ. ಇಷ್ಟು ಸಣ್ಣ ಮಾತನ್ನೂ ಬರೆಯಬೇಕು.

ಮೂರನೆಯದು ಷರತ್ತು. ಮಕ್ಕಳು ಬಿಟ್ಟುಬಿಡುವುದು ಇದನ್ನೇ. ಸೂತ್ರ ಯಾವಾಗ ಸರಿ? ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿದಿಲ್ಲವೇ? ತಾಪ ಬದಲಾಗುವುದಿಲ್ಲವೇ? ಕೋನ ಚಿಕ್ಕದೇ? ಓಮ್ ನಿಯಮ (ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ವೋಲ್ಟೇಜಿಗೆ ಅನುಪಾತದಲ್ಲಿರುತ್ತದೆ ಎಂಬುದು) ಬರೆಯುವ ಹತ್ತರಲ್ಲಿ ಎಂಟು ಮಕ್ಕಳು ತಾಪ ಸ್ಥಿರವಾಗಿರಬೇಕೆಂಬ ಮಾತನ್ನು ಬಿಟ್ಟಿರುತ್ತಾರೆ. ಹಾಗಾಗಿಯೇ ಬಲ್ಬಿನ ತಂತಿ ಕಾದಾಗ ವೋಲ್ಟೇಜ್-ಪ್ರವಾಹದ ಗ್ರಾಫ್ ಏಕೆ ಬಾಗುತ್ತದೆ ಎಂಬ ಪ್ರಶ್ನೆಗೆ ಸುಮ್ಮನೆ ಕೂರುತ್ತಾರೆ.

ಹಂತ 4: ಡಿರೈವೇಶನ್ನಿನ ಪ್ರತಿ ಸಾಲಿಗೂ ಕಾರಣ ಕೊಡಿ

ಡಿರೈವೇಶನ್ ಎಂದರೆ ಸೂತ್ರವನ್ನು ಸಾಲು ಸಾಲಾಗಿ ಕಂಡುಕೊಳ್ಳುವುದು. ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಬಲಗಡೆ ಮೂರು ಬೆರಳಿನಷ್ಟು ಜಾಗ ಬಿಡಿ. ಎಡಗಡೆ ಗಣಿತದ ಸಾಲು, ಬಲಗಡೆ ಆ ಸಾಲು ಎಲ್ಲಿಂದ ಬಂತು ಎಂಬ ಗುರುತು. ಗುರುತುಗಳು ನಾಲ್ಕೇ: "ವ್ಯಾ" ಎಂದರೆ ವ್ಯಾಖ್ಯೆ, "ನಿ" ಎಂದರೆ ಪ್ರಕೃತಿಯ ನಿಯಮ, "ಗ" ಎಂದರೆ ಬರೀ ಗಣಿತ, "ಅಂ" ಎಂದರೆ ಅಂದಾಜು.

ಸರಳ ಲೋಲಕದ ಡಿರೈವೇಶನ್ನನ್ನೇ ತೆಗೆದುಕೊಳ್ಳಿ. ಗುಂಡನ್ನು ಮಧ್ಯಕ್ಕೆ ಮರಳಿ ತರುವ ಬಲ ತೂಕದ ಒಂದು ಘಟಕ, ಅದು ಕೋನದ ಸೈನ್‌ಗೆ ಅನುಪಾತದಲ್ಲಿರುತ್ತದೆ. ಈ ಸಾಲಿನ ಎದುರು "ಗ" ಬರುತ್ತದೆ, ಏಕೆಂದರೆ ಇದು ಸದಿಶವನ್ನು (ದಿಕ್ಕೂ ಇರುವ ಪರಿಮಾಣವನ್ನು) ಘಟಕಗಳಾಗಿ ಒಡೆದದ್ದಷ್ಟೇ. ಮುಂದಿನ ಸಾಲಿನಲ್ಲಿ ಬಲವನ್ನು ದ್ರವ್ಯರಾಶಿ ಮತ್ತು ವೇಗೋತ್ಕರ್ಷದ (ವೇಗ ಬದಲಾಗುವ ದರದ) ಗುಣಲಬ್ಧಕ್ಕೆ ಸಮ ಎಂದು ಬರೆದಾಗ "ನಿ", ನ್ಯೂಟನ್ನನ ಎರಡನೆಯ ನಿಯಮ. ಅದರ ಮುಂದಿನ ಸಾಲಿನಲ್ಲಿ ಸೈನ್ ಮಾಯವಾಗಿ ಅದರ ಜಾಗದಲ್ಲಿ ಕೋನವೇ ಬಂದು ಕೂರುತ್ತದೆ. ಪುಸ್ತಕ ಇದನ್ನು ಅರ್ಧ ಸಾಲಿನಲ್ಲಿ ಹೇಳಿ ಮುಗಿಸುತ್ತದೆ, ನಕಲು ಮಾಡುವ ಕೈ ಅದನ್ನು ಗಮನಿಸುವುದೇ ಇಲ್ಲ. ನೀವು ಅಲ್ಲಿ "ಅಂ" ಎಂದು ಬರೆದು, ಪಕ್ಕದಲ್ಲಿ ಲೆಕ್ಕ ಮಾಡಿ ನೋಡಿ: ಕೋನ 5 ಡಿಗ್ರಿ ಆದಾಗ ರೇಡಿಯನ್ನಿನಲ್ಲಿ ಅದು 0.0873, ಅದರ ಸೈನ್ 0.0872. 20 ಡಿಗ್ರಿ ಆದಾಗ 0.349 ಮತ್ತು 0.342, ಸುಮಾರು ನೂರಕ್ಕೆ 2ರಷ್ಟು ವ್ಯತ್ಯಾಸ. ಪ್ರಯೋಗಾಲಯದಲ್ಲಿ ಗುಂಡನ್ನು ಹೆಚ್ಚು ಎಳೆಯಬೇಡಿ ಎಂದು ಮೇಷ್ಟ್ರು ಗದರುವುದು ಈ ಒಂದು ಸಾಲಿನ ಕಾರಣಕ್ಕೆ. "ಅಂ" ಇರುವ ಸಾಲುಗಳನ್ನು ಮಾತ್ರ ಒಟ್ಟಿಗೆ ಓದಿದರೆ, ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬುದು ತಿಳಿಯುತ್ತದೆ.

ಮಧ್ಯೆ ಸಿಕ್ಕಿಕೊಂಡರೆ ಹೀಗೆ ಮಾಡಿ. ಮೂರು ಸಾಲು ಖಾಲಿ ಬಿಟ್ಟು, ಮುಂದಿನ ಸಾಲು ಏನಿರಬಹುದೆಂದು ಗೊತ್ತಿದ್ದರೆ ಅಲ್ಲಿಂದ ಮುಂದುವರಿಸಿ. ಹದಿನೈದು ನಿಮಿಷ ಪ್ರಯತ್ನಿಸಿದರೂ ತುಂಬದಿದ್ದರೆ ಎದ್ದು ಹೋಗಿ, ಪುಸ್ತಕದಲ್ಲಿ ಆ ಒಂದು ಸಾಲನ್ನು ಮಾತ್ರ ನೋಡಿ, ಮತ್ತೆ ಮುಚ್ಚಿ, ಬಂದು ಕೆಂಪಿನಲ್ಲಿ ಬರೆಯಿರಿ. ಪುಸ್ತಕವನ್ನು ಕೋಣೆಗೆ ತಂದರೆ ಉಳಿದ ಎಲ್ಲ ಸಾಲುಗಳೂ ಕೆಂಪೇ ಆಗುತ್ತವೆ. ಮೊದಲ ಸಲ ಅರ್ಧ ಪುಟ ಕೆಂಪಾದರೆ ಬೇಸರ ಬೇಡ, ಅದು ಸಹಜ. ಒಂದೂ ಕೆಂಪು ಸಾಲಿಲ್ಲದ ಹೊಸ ಪುಟ ಕಂಡರೆ ಮಾತ್ರ ನನಗೆ ಅನುಮಾನ ಬರುತ್ತದೆ.

ಹಂತ 5: ಸೂತ್ರಕ್ಕೆ ನಮ್ಮ ಊರಿನ ಸಂಖ್ಯೆ ಹಾಕಿ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆಗೆ ಘಟ್ಟ ಇಳಿಯುವ ರೈಲು ಮಾರ್ಗದ ಇಳಿಜಾರು 50ಕ್ಕೆ 1. ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಇಳಿತ. ಇಳಿಜಾರಿನ ಮೇಲೆ ಘರ್ಷಣೆ ಇಲ್ಲದೆ ಜಾರುವ ವಸ್ತುವಿನ ವೇಗೋತ್ಕರ್ಷಕ್ಕೆ ನೀವು ಕಂಡುಕೊಂಡ ಸೂತ್ರದಲ್ಲಿ ಇದನ್ನು ಹಾಕಿ. ಗುರುತ್ವ ವೇಗೋತ್ಕರ್ಷವಾದ 9.8ನ್ನು 50ರಿಂದ ಭಾಗಿಸಿದರೆ ಸೆಕೆಂಡ್ ವರ್ಗಕ್ಕೆ 0.196 ಮೀಟರ್. ನೋಡಲು ಏನೂ ಅಲ್ಲದ ಸಂಖ್ಯೆ. ಈಗ ಬ್ರೇಕ್ ಹಿಡಿಯದ ಬೋಗಿಯೊಂದು ನಿಂತ ಸ್ಥಿತಿಯಿಂದ 1 ಕಿಲೋಮೀಟರ್ ಉರುಳಿತೆಂದು ಲೆಕ್ಕ ಹಾಕಿ: ವೇಗ ಸೆಕೆಂಡಿಗೆ ಸುಮಾರು 19.8 ಮೀಟರ್, ಅಂದರೆ ಗಂಟೆಗೆ 71 ಕಿಲೋಮೀಟರ್. ಚಕ್ರದ ಹಾಗೂ ಗಾಳಿಯ ತಡೆ ಇದನ್ನು ಕಡಿಮೆ ಮಾಡುತ್ತದೆಂದು ಷರತ್ತಿನ ಸಾಲಿನಲ್ಲಿ ಬರೆಯಿರಿ. ಒಂದು ಡಿಗ್ರಿಗಿಂತ ತುಸು ಹೆಚ್ಚಿನ ಇಳಿಜಾರಿನಲ್ಲಿ ರೈಲು ಏಕೆ ಅಷ್ಟು ನಿಧಾನವಾಗಿ, ಬ್ರೇಕ್ ಹಿಡಿದುಕೊಂಡೇ ಇಳಿಯುತ್ತದೆ ಎಂಬುದು ಆಗ ಮೈಗೆ ತಾಗುತ್ತದೆ.

ಇದೇ ಪುಟದಲ್ಲಿ ಒಬ್ಬ ಹುಡುಗ, "50 ಮೀಟರ್ ಹಳಿಯ ಉದ್ದಕ್ಕೋ, ಅಡ್ಡಡ್ಡ ನೆಲದ ಮೇಲೋ? ಸೈನ್ ತಗೋಬೇಕೋ, ಟ್ಯಾನ್ ತಗೋಬೇಕೋ?" ಎಂದು ಅಂಚಿನಲ್ಲಿ ಬರೆದಿದ್ದ. ಇಷ್ಟು ಚಿಕ್ಕ ಕೋನಕ್ಕೆ ಎರಡರ ನಡುವಿನ ವ್ಯತ್ಯಾಸ ಹತ್ತು ಸಾವಿರದಲ್ಲಿ 2 ಪಾಲು, ಯಾವುದನ್ನು ತೆಗೆದುಕೊಂಡರೂ ಉತ್ತರ ಅದೇ. ಆದರೆ ಆ ಪ್ರಶ್ನೆ ಅವನಿಗೆ ತಾನಾಗಿ ಹುಟ್ಟಿತಲ್ಲ, ಅದನ್ನು ಕಂಡು ನನಗೆ ಆದ ಸಂತೋಷ ದೊಡ್ಡದು.

ಸಂಖ್ಯೆ ಹಾಕಿದ ಮೇಲೆ ಮೂರು ಪರೀಕ್ಷೆ ಮಾಡಿ: ಏಕಮಾನ ಎರಡೂ ಕಡೆ ಹೊಂದುತ್ತದೆಯೇ, ಇಳಿಜಾರು ಸೊನ್ನೆಯಾದರೆ ಉತ್ತರ ಸೊನ್ನೆಯಾಗುತ್ತದೆಯೇ, ನೆಟ್ಟಗೆ ನಿಂತರೆ 9.8 ಬರುತ್ತದೆಯೇ. ಕೊನೆಯ ಎರಡು ಪರೀಕ್ಷೆಗಳು ಸೈನ್ ಮತ್ತು ಕೊಸೈನ್ ಅದಲುಬದಲಾದ ತಪ್ಪನ್ನು ಕೂಡಲೇ ಹಿಡಿದುಕೊಡುತ್ತವೆ.

ಉಪಗ್ರಹದ ಪುಟಕ್ಕೂ ಇದೇ ರೀತಿ. ಭೂಮಿ ತನ್ನ ಸುತ್ತ ಒಂದು ಸುತ್ತು ತಿರುಗಲು ಹಿಡಿಯುವುದು 23 ಗಂಟೆ 56 ನಿಮಿಷ 4 ಸೆಕೆಂಡು, ಅಂದರೆ 86,164 ಸೆಕೆಂಡು. ಉಪಗ್ರಹವೂ ಅಷ್ಟೇ ಹೊತ್ತಿನಲ್ಲಿ ಒಂದು ಸುತ್ತು ಬರಬೇಕು. ಅದಕ್ಕೆ ಸೂತ್ರ ಕೊಡುವ ಕಕ್ಷೆಯ ತ್ರಿಜ್ಯ ಸುಮಾರು 42,164 ಕಿಲೋಮೀಟರ್. ಇಲ್ಲಿಗೇ ನಿಲ್ಲಿಸಿ ಇದನ್ನೇ ಎತ್ತರ ಎಂದು ಬರೆಯುವವರು ಬಹಳ. ಅದು ಭೂಮಿಯ ಕೇಂದ್ರದಿಂದ ಇರುವ ದೂರ, ಭೂಮಿಯ ತ್ರಿಜ್ಯವಾದ 6,378ನ್ನು ಕಳೆದರೆ ಮಾತ್ರ ಎತ್ತರ 35,786 ಕಿಲೋಮೀಟರ್ ಬರುತ್ತದೆ. ಪೂರ್ತಿ 24 ಗಂಟೆ ಎಂದು ಹಿಡಿದರೆ ಉತ್ತರ ಸುಮಾರು 77 ಕಿಲೋಮೀಟರ್ ಹೆಚ್ಚಾಗುತ್ತದೆ. ಹಂತ 3ರಲ್ಲಿ ಸಂಕೇತಗಳ ಪಟ್ಟಿಯಲ್ಲಿ "ಕೇಂದ್ರದಿಂದ" ಎಂಬ ಒಂದು ಪದ ಬರೆದಿದ್ದವರು ಈ ತಪ್ಪು ಮಾಡುವುದಿಲ್ಲ.

ಹಂತ 6: ಅರ್ಥವನ್ನು ಕನ್ನಡದಲ್ಲಿ ಬರೆಯಿರಿ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಈ ಹಂತ ಎಲ್ಲಕ್ಕಿಂತ ಮುಖ್ಯ. ಇಂಗ್ಲಿಷಿನ ವಾಕ್ಯವನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಮೊದಲ ಪದ ಮರೆತ ಕೂಡಲೇ ಉಳಿದದ್ದೂ ಹೋಗುತ್ತದೆ. ಪ್ರತಿ ಹಾಳೆಯ ಕೆಳಗೆ ನಾಲ್ಕೈದು ಸಾಲು ಕನ್ನಡದಲ್ಲಿ, ತಮ್ಮನಿಗೋ ತಂಗಿಗೋ ವಿವರಿಸುವ ಹಾಗೆ ಬರೆಯಿರಿ. ನಂತರ ಅದೇ ಮಾತನ್ನು ಪರೀಕ್ಷೆಯ ಭಾಷೆಯಲ್ಲಿ ಎರಡು ಸಾಲು.

ಆದರೆ ಕನ್ನಡದಲ್ಲಿ ಬರೆಯುವಾಗ ಆಡುಮಾತು ಕೆಲವು ಕಡೆ ದಾರಿ ತಪ್ಪಿಸುತ್ತದೆ. ಕೆಟ್ಟು ನಿಂತ ಜೀಪನ್ನು ತಳ್ಳುವಾಗ "ಶಕ್ತಿ ಹಾಕು" ಎನ್ನುತ್ತೇವೆ, ಭೌತಶಾಸ್ತ್ರದಲ್ಲಿ ಅದು ಬಲ. ಶಕ್ತಿ ಬೇರೆ, ಅದರ ಏಕಮಾನ ಜೂಲ್. ಮೂಟೆ ಹೊತ್ತು ಅಲ್ಲಾಡದೆ ನಿಂತವನು ಬೆವರಿದರೂ ಭೌತಶಾಸ್ತ್ರದ ಲೆಕ್ಕದಲ್ಲಿ ಅವನು ಮೂಟೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಅಂಗಡಿಯಲ್ಲಿ "ತೂಕ 50 ಕಿಲೋ" ಎನ್ನುವುದು ದ್ರವ್ಯರಾಶಿ, ಅದರ ತೂಕ ಸುಮಾರು 490 ನ್ಯೂಟನ್. ಜವ ಮತ್ತು ವೇಗ ಎರಡಕ್ಕೂ ನಾವು "ಸ್ಪೀಡು" ಎಂದುಬಿಡುತ್ತೇವೆ, ದಿಕ್ಕು ಅಲ್ಲೇ ಕಳೆದುಹೋಗುತ್ತದೆ. ಇಂಥ ಜೋಡಿ ಪದಗಳಿಗೆ ಫೈಲಿನ ಮೊದಲಿಗೆ ಒಂದು ಹಾಳೆ ಮೀಸಲಿಡಿ.

ಹಂತ 7: ತಪ್ಪಿನ ಪುಟ

ಪ್ರತಿ ಅಧ್ಯಾಯದ ಕೊನೆಗೆ ಒಂದು ಹಾಳೆ ನಿಮ್ಮ ತಪ್ಪುಗಳಿಗೆ. "ಅಜಾಗರೂಕತೆ" ಎಂದು ಬರೆಯುವಂತಿಲ್ಲ, ಅದು ಕಾರಣವೇ ಅಲ್ಲ. ಯಾವ ಸಾಲಿನಲ್ಲಿ, ಏನೆಂದುಕೊಂಡು ತಪ್ಪಿದಿರಿ ಎಂಬುದನ್ನು ಬರೆಯಿರಿ.

ನಾನೇ ವಿದ್ಯಾರ್ಥಿಯಾಗಿದ್ದಾಗ ಒಂದು ಮೀಟರ್ ಉದ್ದದ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಅಳೆಯಲು ಹೋಗಿ ಮೂರು ಸಲವೂ 10.9ರ ಆಸುಪಾಸಿನ ಉತ್ತರ ಪಡೆದಿದ್ದೆ. ದಾರ ಅಳೆದೆ, ಗಡಿಯಾರ ಬದಲಿಸಿದೆ. ಕೊನೆಗೆ ತಿಳಿದದ್ದು, ಗಡಿಯಾರ ಒತ್ತುವಾಗಲೇ "ಒಂದು" ಎಂದು ಎಣಿಸುತ್ತಿದ್ದೆ. 20 ಆಂದೋಲನ ಎಂದುಕೊಂಡದ್ದು 19 ಆಗಿತ್ತು. ಅವಧಿ ಉತ್ತರದಲ್ಲಿ ವರ್ಗವಾಗಿ ಬರುವುದರಿಂದ ಆ ಒಂದು ಆಂದೋಲನ ಉತ್ತರವನ್ನು ನೂರಕ್ಕೆ 11ರಷ್ಟು ಹೆಚ್ಚಿಸಿತ್ತು. "ಸೊನ್ನೆಯಿಂದ ಎಣಿಸು" ಎಂದು ಆ ದಿನ ಬರೆದ ಸಾಲು ನನ್ನ ಹಳೆಯ ಫೈಲಿನಲ್ಲಿ ಇನ್ನೂ ಇದೆ.

ದರ್ಪಣ ಮತ್ತು ಮಸೂರಗಳ ಅಧ್ಯಾಯದಲ್ಲಿ ಈ ಪುಟ ಬಹುಬೇಗ ತುಂಬುತ್ತದೆ. ಸೂತ್ರ ವ್ಯುತ್ಪಾದಿಸುವಾಗ ಧನ, ಋಣ ಚಿಹ್ನೆಯನ್ನು ಒಮ್ಮೆ ಹಾಕಿರುತ್ತೇವೆ. ಲೆಕ್ಕ ಮಾಡುವಾಗ ದೂರಗಳಿಗೆ ಮಾತ್ರ ಚಿಹ್ನೆ ಹಾಕಬೇಕು, ಸೂತ್ರದೊಳಗಿನ ಚಿಹ್ನೆಯನ್ನು ಮತ್ತೆ ಬದಲಿಸಬಾರದು. ಎರಡು ಸಲ ಹಾಕಿದವರ ಪ್ರತಿಬಿಂಬ ದರ್ಪಣದ ತಪ್ಪು ಬದಿಗೆ ಹೋಗಿ ಕೂರುತ್ತದೆ. ಮೊದಲು ಕಿರಣಚಿತ್ರ ಬಿಡಿಸಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ.

ಹಂತ 8: ಖಾಲಿ ಹಾಳೆಯಲ್ಲಿ ಮರಳಿ ಬರೆಯಿರಿ

ಬರೆದ ನೋಟ್ಸನ್ನು ಓದುತ್ತಾ ಕೂತರೆ ಎಲ್ಲವೂ ಗೊತ್ತಿರುವಂತೆ ಕಾಣುತ್ತದೆ. ಮರುದಿನ, ಒಂದು ವಾರದ ನಂತರ, ಒಂದು ತಿಂಗಳ ನಂತರ ಹೊಸ ಹಾಳೆಯ ಮೇಲೆ ಪ್ರಶ್ನೆಯನ್ನಷ್ಟೇ ಬರೆದು ಉಳಿದದ್ದನ್ನು ನೆನಪಿನಿಂದ ತೆಗೆಯಿರಿ. ಹಳೆಯ ಪುಟದೊಂದಿಗೆ ಹೋಲಿಸಿ, ಬಿಟ್ಟದ್ದನ್ನು ಕೆಂಪಿನಲ್ಲಿ ತುಂಬಿ. ಹೊಸದು ಚೆನ್ನಾಗಿದ್ದರೆ ಹಳೆಯದನ್ನು ಫೈಲಿನಿಂದ ತೆಗೆಯಿರಿ. ಬಸ್ಸಿನಲ್ಲಿ ಒಂದು ಗಂಟೆ ಕಳೆಯುವವರು ಪ್ರಶ್ನೆಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ಚಿತ್ರ ಮತ್ತು ಷರತ್ತುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು. ಗಣಿತಕ್ಕೆ ಮಾತ್ರ ಕೂತು ಬರೆಯಲೇಬೇಕು.

ಎಚ್ಚರಿಕೆಯ ಗುರುತುಗಳು

ಒಂದು ಗಂಟೆಯಲ್ಲಿ ಆರು ಪುಟ ತುಂಬಿದರೆ ನೀವು ನಕಲಿಗೆ ಮರಳಿದ್ದೀರಿ. ಹೊಸ ವಿಷಯವಾದರೆ ಗಂಟೆಗೆ ಒಂದೂವರೆ ಪುಟ ಒಳ್ಳೆಯ ವೇಗ.

ನಿಮ್ಮ ವಾಕ್ಯಗಳು ಪುಸ್ತಕದ ವಾಕ್ಯಗಳಂತೆಯೇ ಕೇಳಿಸಿದರೆ, ಆ ಭಾಗವನ್ನು ಬೇರೊಂದು ಉದಾಹರಣೆಯಿಟ್ಟು ಬರೆದು ನೋಡಿ. ಬರೆಯಲಾಗದಿದ್ದರೆ ಹಂತ 2ಕ್ಕೆ ಮರಳಬೇಕು.

ಹದಿನೈದು ದಿನವಾದರೂ ತಪ್ಪಿನ ಪುಟ ಖಾಲಿಯಿದ್ದರೆ ಲೆಕ್ಕಗಳನ್ನೇ ಮಾಡುತ್ತಿಲ್ಲವೆಂದರ್ಥ. ನೋಟ್ಸ್ ಬರೆದಷ್ಟೇ ಹೊತ್ತು ಲೆಕ್ಕಕ್ಕೂ ಇರಬೇಕು.

ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಸಿದ್ಧ ನೋಟ್ಸ್ ನಿಮ್ಮ ಹಾಳೆಗಿಂತ ಮೊದಲು ಮೇಜಿಗೆ ಬಂದರೆ ಹಂತ 1ರಿಂದ 4ರವರೆಗಿನ ಕೆಲಸವನ್ನು ಬೇರೆಯವರು ಮಾಡಿಮುಗಿಸಿದಂತೆ. ನಿಮ್ಮದು ಮುಗಿದ ಮೇಲೆ, ಬಿಟ್ಟುಹೋದದ್ದನ್ನು ಹುಡುಕಲು ಬೇಕಾದರೆ ನೋಡಿ.

ಶುರುಮಾಡುವವರು ಇಡೀ ಅಧ್ಯಾಯಕ್ಕೆ ಕೈಹಾಕಬೇಡಿ. ಇಂದು ಸಂಜೆ ಒಂದು ಪ್ರಶ್ನೆ, ಒಂದು ಹಾಳೆ. ಲೋಲಕದ ಪುಟದಿಂದಲೇ ಆರಂಭಿಸಬಹುದು: ಒಂದು ಮೀಟರ್ ದಾರ, ಒಂದು ಕಲ್ಲು, ಜಂತಿಗೆ ಹೊಡೆದ ಮೊಳೆ, ಮೊಬೈಲಿನ ಗಡಿಯಾರ. ಆ ಹುಡುಗಿಗೂ ಅದನ್ನೇ ಹೇಳಿ ಕಳಿಸಿದೆ. ಮುಂದಿನ ವಾರ ಅವಳು ತಂದ ಹಾಳೆಯಲ್ಲಿ ದಾರದ ಎಳೆತದ ಬಾಣ ಕೆಂಪಿನಲ್ಲಿತ್ತು, ಅದರ ಮುಂದಿನ ವಾರದ ಹಾಳೆಯಲ್ಲಿ ನೀಲಿಯಲ್ಲಿತ್ತು.